ನಾಖವಾನ ಹುಟ್ಟು

ಕಾರವಾರ, ಬೆಳಗಾವಿ ಕಡೆಯ ಶಾಲೆಗಳ ವಾರ್ಷಿಕೋತ್ಸವದಲ್ಲಿ ‘ಕೋಳಿ ನೃತ್ಯ’ ಅಪರೂಪವೇನಲ್ಲ. ಹುಡುಗಿಯರು ಸೀರೆಗೆ ಕಚ್ಚೆ ಹಾಕಿ ಮೊಣಕಾಲಿನವರೆಗೆ ಎತ್ತಿ ಉಟ್ಟು ತಲೆಯ ಮೇಲೆ ಬುಟ್ಟಿ ಹೊತ್ತಿರುತ್ತಾರೆ. ಹುಡುಗರು ರಟ್ಟಿನ ಹುಟ್ಟು ಹಿಡಿದು ಸಾಲಾಗಿ ಕೂತು ಹಿಂದೆ ಮುಂದೆ ತೂಗುತ್ತಾರೆ. ಕೋಳಿ ಎಂದರೆ ಇಲ್ಲಿ ಕೂಗುವ ಹುಂಜವಲ್ಲ. ಮುಂಬಯಿ ಮತ್ತು ಕೊಂಕಣ ತೀರದ ಮೀನುಗಾರ ಜನ. ಹಿನ್ನೆಲೆಯಲ್ಲಿ ಹಾಕುವ ಹಾಡು ಹೆಚ್ಚಾಗಿ ಮೂರರಲ್ಲಿ ಒಂದಾಗಿರುತ್ತದೆ: ‘ಮೀ ಡೋಲಕರ’, ‘ವಲ್ಹವ ರೇ ನಾಖವಾ’ ಅಥವಾ ‘ರಾಜಾ ಸಾರಂಗಾ’. ನಿರೂಪಕರು ಮೈಕಿನಲ್ಲಿ ಹೇಳುವುದು ಒಂದೇ ಮಾತು: ಇದು ಮೀನುಗಾರರ ಜನಪದ ಗೀತೆ.

ಕರ್ತೃ ಯಾರೆಂದು ತಿಳಿಯದ ಹಾಡೇ ಜನಪದ ಎಂಬ ಲೆಕ್ಕ ಹಿಡಿದರೆ ಈ ಮೂರೂ ಜನಪದವಲ್ಲ. ಮೂರನ್ನೂ ಬರೆದವರು ಶಾಂತಾ ಶೆಳಕೆ. 1922ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹುಟ್ಟಿದವರು. ಕಾಲೇಜಿನಲ್ಲಿ ಮರಾಠಿ ಪಾಠ ಹೇಳಿದವರು. ಕಾಳಿದಾಸನ ಮೇಘದೂತವನ್ನು ಮರಾಠಿಗೆ ತಂದವರು. 1996ರ ಆಳಂದಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ. ಇಂದಾಪುರ ಘಟ್ಟದ ಮೇಲಿನ ಬಯಲುಸೀಮೆ, ಸಮುದ್ರಕ್ಕೂ ಅದಕ್ಕೂ ಬಹಳ ದೂರ. ಹಾಡುಗಳಿಗೆ ರಾಗ ಹಾಕಿದವರು ಹೃದಯನಾಥ ಮಂಗೇಶಕರ್. ‘ಮೀ ಡೋಲಕರ’ದಲ್ಲಿ ಲತಾ ಮಂಗೇಶಕರ್ ದನಿಗೆ ಎದುರಾಗಿ ಕೇಳುವ ಗಂಡುದನಿ ಬಂಗಾಳದ ಹೇಮಂತ ಕುಮಾರ್ ಅವರದು. ಶೆಳಕೆ ಸಿನಿಮಾಕ್ಕೆ ‘ಡಾ. ವಸಂತ ಅವಸರೆ’ ಎಂಬ ಗಂಡಸಿನ ಹೆಸರಿನಲ್ಲೂ ಹಾಡು ಬರೆದಿದ್ದುಂಟು. ಈ ಹಾಡುಗಳ ಮಟ್ಟಿಗೆ ಅವರು ಯಾವ ಹೆಸರಿನ ಮರೆಗೂ ಸರಿದವರಲ್ಲ. ಆದರೆ ಹಾಡು ಜನರ ಬಾಯಿಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ ಕವಿಯ ಹೆಸರು ತಾನಾಗಿಯೇ ಉದುರಿಹೋಯಿತು.

ಉದುರಲು ಕಾರಣವಿದೆ. ಕೋಳಿ ಜನರ ಮಾತಿಗೆ ತನ್ನದೇ ಜಾಯಮಾನ. ಗ್ರಾಂಥಿಕ ಮರಾಠಿಯ ‘ಳ’ ಅಲ್ಲಿ ‘ಲ’ ಆಗುತ್ತದೆ, ‘ಡ’ ಎಷ್ಟೋ ಕಡೆ ‘ರ’ ಆಗುತ್ತದೆ. ಹಳದಿಯ ‘ಪಿವಳಿ’ ಅಲ್ಲಿ ‘ಪಿವಲಿ’, ಸೀರೆಯ ‘ಸಾಡಿ’ ಅಲ್ಲಿ ‘ಸಾರಿ’. ಶೆಳಕೆ ಆ ಉಚ್ಚಾರವನ್ನು ಹಾಗೆಯೇ ಎತ್ತಿಕೊಂಡರು. ಕಥೆ ಹೇಳುವ ಕ್ರಮವೂ ಕೋಳಿಗಳ ಕೇರಿಯಾದ ಕೋಳಿವಾಡೆಯದೇ: ಗಂಡುದನಿ ಸಮುದ್ರದ ಕಡೆ ಮುಖ ಮಾಡಿ ಹಾಡುತ್ತದೆ, ಹೆಣ್ಣುದನಿ ಬಜಾರಿನ ಕಡೆ. ಮೀನುಗಾರ ಸಂಸಾರದ ಕೆಲಸ ಹಂಚಿಕೆಯೇ ಹಾಡಿನ ಹಂದರವಾಯಿತು. ಅದನ್ನು ಕೇಳಿದ ಕೋಳಿಗಳೇ ಮದುವೆಮನೆಯಲ್ಲಿ ಹಾಡಿಕೊಂಡ ಮೇಲೆ ಉಳಿದವರು ಪ್ರಶ್ನೆ ಮಾಡುವುದೆಲ್ಲಿ?

ಇಂಥ ಗತಿ ಬೇರೆ ಹಾಡುಗಳಿಗೂ ಬಂದಿದೆ. ಹೊಳೆಯ ಆಚೆ ದಡದ ಮದುವೆಗೆ ಹೊರಟ ನರ್ತಕಿ ಅಂಬಿಗನನ್ನು ಬೇಡಿಕೊಳ್ಳುವ ದೇಖಣಿ ಎಂಬ ಬಗೆಯ ಗೋವೆಯ ಹಾಡೊಂದನ್ನು ನಮ್ಮ ಕರಾವಳಿಯ ಕೊಂಕಣಿಗರೂ ಜನಪದವೆಂದೇ ಹಾಡುತ್ತಾರೆ. ಅದನ್ನು ರಚಿಸಿದವರು ಕಾರ್ಲೊಸ್ ಯುಜೇನಿಯೊ ಫೆರೇರಾ. 1973ರಲ್ಲಿ ರಾಜ್ ಕಪೂರರ ‘ಬಾಬಿ’ ಚಿತ್ರ ಅದೇ ಧಾಟಿಯನ್ನು ದೇಶಕ್ಕೆಲ್ಲ ಹಂಚಿತು. ನಮ್ಮಲ್ಲಿ ಕುವೆಂಪು ಅವರ ‘ದೋಣಿ ಹಾಡು’ 1965ರ ‘ಮಿಸ್ ಲೀಲಾವತಿ’ ಸಿನಿಮಾಕ್ಕೂ ಹೋಗಿ ಬಂದು ಕವಿಯ ಹೆಸರನ್ನು ಉಳಿಸಿಕೊಂಡಿತು. ಅದು ಆ ಕವಿಯ ಖ್ಯಾತಿಯ ಬಲ.

ಹಾಡಿನ ಮೂಲ ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ, ಇನ್ನೇನು ಉಳಿಯಿತು ಎನ್ನಬಹುದು. ಉಳಿದದ್ದೇ ಹೆಚ್ಚು. ಹಾಡು ಕಳೆದ ಶತಮಾನದ ಉತ್ತರಾರ್ಧದ್ದು. ಅದರೊಳಗೆ ಕೂತಿರುವ ಪದಗಳಲ್ಲಿ ಕೆಲವು ಸಾವಿರ ವರ್ಷ ಮೀರಿದವು. ಶೆಳಕೆ ಅವನ್ನು ಹುಟ್ಟಿಸಲಿಲ್ಲ, ದಡದ ಬಾಯಿಗಳಿಂದ ಹೆಕ್ಕಿಕೊಂಡರು. ಆ ಪದಗಳ ಬೆನ್ನು ಹತ್ತಿದರೆ ಮೀನುಗಾರ ಸಂಸಾರದ ಗುಡಿಸಲಿನಿಂದ ಹೊರಟು ಮಂಗಳೂರು, ಸೋಮನಾಥ, ಹರ್ಮುಜ್‌ವರೆಗೆ ಹೋಗಿ ಬರಬೇಕಾಗುತ್ತದೆ.

ಮೊದಲು ಡೋಲಕರ. ಕನ್ನಡದ ಕಿವಿಗೆ ಇವನು ಡೋಲು ಬಾರಿಸುವವನಂತೆ ಕೇಳಿಸುತ್ತಾನೆ. ಆದರೆ ‘ಡೋಲ’ ಒಂದು ಬಗೆಯ ಬಲೆ. ಬಾಯಿ ಅಗಲ, ಬಾಲ ಕಿರಿದು, ಹಿಂದೆ ಹಿಂದೆ ಹೋದಂತೆ ಕಣ್ಣು ಸಣ್ಣಗಾಗುತ್ತ ಹೋಗುವ ಉದ್ದನೆಯ ಚೀಲ. ಸಮುದ್ರದ ತಳದಲ್ಲಿ ಗೂಟ ನೆಟ್ಟು ಅದಕ್ಕೆ ಬಲೆಯ ಬಾಯಿಯನ್ನು ಹಗ್ಗದಲ್ಲಿ ಬಿಗಿಯುತ್ತಾರೆ. ಉಬ್ಬರ ಇಳಿತದ ಸೆಳೆತವೇ ಮೀನನ್ನು ಒಳಕ್ಕೆ ನೂಕುತ್ತದೆ. ಮೀನನ್ನು ಅಟ್ಟಿಕೊಂಡು ಹೋಗುವ ಕೆಲಸವಿಲ್ಲ, ನೀರಿನ ಗಳಿಗೆ ಕಾಯುವುದೇ ಕೆಲಸ. ಸೆಳೆತ ನಿಂತ ಹೊತ್ತಿಗೆ ಹೋಗಿ ಬಾಲದ ಗಂಟು ಬಿಚ್ಚಿ ದೋಣಿಗೆ ಸುರಿದುಕೊಳ್ಳಬೇಕು. ಹೊತ್ತು ಮೀರಿದರೆ ನೀರು ತಿರುಗುತ್ತದೆ. ಸಿಗುವುದು ಮುಖ್ಯವಾಗಿ ಬೊಂಬಿಲ ಮೀನು ಮತ್ತು ಸಣ್ಣ ಸೀಗಡಿ. ಮೆತ್ತಗಿನ ಬೊಂಬಿಲವನ್ನು ಬಿದಿರಿನ ಅಡ್ಡೆಗಳಿಗೆ ತೂಗುಹಾಕಿ ಒಣಗಿಸುವ ಸಾಲುಗಳು ವರ್ಸೋವಾ ಕಡೆ ಇಂದಿಗೂ ಕಾಣುತ್ತವೆ. ಡೋಲಕರ ಎಂಬುದು ಹೀಗೆ ಪಕ್ಕಾ ಸ್ಥಳೀಯ ಪದ, ಬಲೆಯಿಂದ ಬಂದ ಹೆಸರು. ದೂರದಿಂದ ಬಂದವನು ನಾಖವಾ.

ನಾಖವಾ ಎಂದರೆ ಕೋಳಿಗಳಲ್ಲಿ ದೋಣಿಯ ಯಜಮಾನ. ಮೂಲ ಪಾರ್ಸಿಯ ‘ನಾಖುದಾ’. ಅದೂ ಜೋಡುಪದ: ‘ನಾವ್’ ಮತ್ತು ‘ಖುದಾ’. ನಾವ್ ಎಂದರೆ ಹಡಗು. ಸಂಸ್ಕೃತದ ನೌ, ನಮ್ಮ ನಾವೆ ಮತ್ತು ನಾವಿಕ, ಲ್ಯಾಟಿನ್ನಿನ ನಾವಿಸ್ ಎಲ್ಲ ಒಂದೇ ಬಳ್ಳಿ. ಖುದಾ ಎಂದರೆ ಇಂದು ದೇವರು. ಆದರೆ ಆ ಪದದ ಹಳೆಯ ಅರ್ಥ ಒಡೆಯ, ಯಜಮಾನ. ನಾವೆಯ ಒಡೆಯ ನಾವ್‌ಖುದಾ. ಎರಡು ಪದ ಸೇರುವಾಗ ವಕಾರ ಸವೆದು ನಾಖುದಾ ಆಯಿತು. ಮರಾಠಿ ಬಾಯಲ್ಲಿ ದಕಾರವೂ ಸವೆದು ನಾಖವಾ ಆಯಿತು. ಖುದಾ ದೇವರಾದ ಮೇಲೆ ಉರ್ದು ಕವಿಗಳಿಗೆ ಹಬ್ಬ. ‘ನಾ’ ಎಂದರೆ ಇಲ್ಲ, ಅಲ್ಲ ಎಂಬ ಅರ್ಥವೂ ಇರುವುದರಿಂದ ನಾಖುದಾ ಎಂಬುದನ್ನು ‘ದೇವರಲ್ಲದವನು’ ಎಂದೂ ಓದಬಹುದು. ಬಿರುಗಾಳಿಯಲ್ಲಿ ಖುದಾನನ್ನು ನಂಬಬೇಕೋ ನಾಖುದಾನನ್ನು ನಂಬಬೇಕೋ ಎಂಬ ಚಮತ್ಕಾರ ಗಜಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪುರಂದರದಾಸರಿಗೆ ಈ ಇಕ್ಕಟ್ಟಿರಲಿಲ್ಲ. ಅವರು ದೇವರನ್ನೇ ಅಂಬಿಗನಾಗಿ ಕರೆದು ಎರಡನ್ನೂ ಒಂದು ಮಾಡಿಬಿಟ್ಟರು.

ನಾಖುದಾನನ್ನು ಈಗಿನ ಅರ್ಥದ ಕ್ಯಾಪ್ಟನ್ ಎಂದುಕೊಂಡರೆ ಅರ್ಧ ಮಾತ್ರ ಸರಿ. ಹಡಗು ನಡೆಸುವ ವಿದ್ಯೆ ಬೇರೆಯವನದು. ನಾಖುದಾ ಮುಖ್ಯವಾಗಿ ಹಡಗಿನ ಮಾಲೀಕ ಅಥವಾ ಮಾಲೀಕನ ಪರವಾಗಿ ಸರಕಿನೊಂದಿಗೆ ಪ್ರಯಾಣ ಮಾಡುವ ವ್ಯಾಪಾರಿ. 10ನೇ ಶತಮಾನದ ಬುಜುರ್ಗ್ ಇಬ್ನ್ ಶಹರಿಯಾರ್ ಅಂಥವನು. ಹಿಂದೂಸ್ಥಾನದ ಅಚ್ಚರಿಗಳ ಕುರಿತ ಅರಬ್ಬಿ ಪುಸ್ತಕವೊಂದು ಅವನ ಹೆಸರಿನಲ್ಲಿದೆ. ನಾವಿಕರು ಬಂದರಿನಲ್ಲಿ ಕೂತು ಹೇಳಿಕೊಂಡ ಬಿರುಗಾಳಿ, ದೈತ್ಯ ಮೀನು, ದ್ವೀಪಗಳ ಕಥೆಗಳನ್ನು ಅದರಲ್ಲಿ ಪೋಣಿಸಿದ್ದಾನೆ.

12ನೇ ಶತಮಾನಕ್ಕೆ ಬಂದರೆ ನಾಖುದಾ ನಮ್ಮ ಮಂಗಳೂರಿನ ವ್ಯವಹಾರದಲ್ಲೇ ಓಡಾಡುತ್ತಾನೆ. ಟ್ಯುನೀಸಿಯಾ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಂಗಳೂರನ್ನು ನೆಲೆ ಮಾಡಿಕೊಂಡಿದ್ದ. ಕಂಚಿನ ಪಾತ್ರೆ ಮಾಡಿಸುತ್ತ, ಮೆಣಸು, ಕಬ್ಬಿಣ ಸಾಗಿಸುತ್ತ ಇಲ್ಲೇ ಸಂಸಾರ ಹೂಡಿದ. ಏಡನ್ ಬಂದರಿನ ಮದ್ಮೂನ್ ಮತ್ತಿತರರು ಅವನಿಗೆ ಬರೆದ ಕಾಗದಗಳು ಕೈರೋದ ಹಳೆಯ ಸಿನಗಾಗಿನ ಕೋಣೆಯಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ನಲ್ಲಿ ಬೆನ್ ಯಿಜುವಿನ ತುಳುನಾಡಿನ ಆಳು ಬೊಮ್ಮನ ಜಾಡು ಹಿಡಿದದ್ದು ಈ ಕಾಗದಗಳಿಂದಲೇ. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಆ ಕಾಗದಗಳಲ್ಲಿ ನಾಖುದಾ ಎಂಬುದು ದಿನಬಳಕೆಯ ಪದ. ಮಹ್ರೂಜ್ ಎಂಬ ಯೆಹೂದಿ ಹಡಗುದಾರನ ಹೆಸರಿನೊಂದಿಗೂ ಅದೇ ಬಿರುದು. ಪದ ಪಾರ್ಸಿಯದು, ಅದನ್ನು ಹೊತ್ತವರು ಯಾವ ಮತದವರೂ ಆಗಿರಬಹುದಿತ್ತು.

ಇದೇ ಕಾಲದ ಆಚೀಚೆ ಪಶ್ಚಿಮ ಕರಾವಳಿಯ ಶಾಸನಗಳಲ್ಲಿ ಇದರ ಸಂಸ್ಕೃತ ಜೋಡಿಯೊಂದು ಕಾಣುತ್ತದೆ: ‘ನೌವಿತ್ತಕ’, ನಾವೆಯೇ ವಿತ್ತವಾದವನು. ಗೋವೆಯ ಕದಂಬ ಜಯಕೇಶಿಯ 11ನೇ ಶತಮಾನದ ತಾಮ್ರಶಾಸನದಲ್ಲಿ ಅರಬ್ ಮೂಲದ ನೌವಿತ್ತಕ ಮನೆತನವೊಂದು ಬರುತ್ತದೆ. ಆ ಮನೆತನದವನಿಗೆ ರಾಜ್ಯದ ಆಡಳಿತದಲ್ಲೇ ದೊಡ್ಡ ಸ್ಥಾನ ಸಿಕ್ಕಿತ್ತು. ಎರಡು ಪದಗಳೂ ಒಟ್ಟಿಗೆ ಸಿಗುವುದು ಗುಜರಾತಿನ ವೇರಾವಳದ 1264ರ ಶಾಸನದಲ್ಲಿ. ಹರ್ಮುಜಿನ ಹಡಗುದಾರ ನೂರುದ್ದೀನ್ ಫಿರೋಜ್ ಸೋಮನಾಥ ಪಟ್ಟಣದಲ್ಲಿ ಮಸೀದಿ ಕಟ್ಟಿಸಿದ. ವಾಘೇಲ ಅರ್ಜುನದೇವನ ಆಳ್ವಿಕೆ. ದತ್ತಿಯ ವಿವರವನ್ನು ಸಂಸ್ಕೃತದಲ್ಲೂ ಅರಬ್ಬಿಯಲ್ಲೂ ಕೆತ್ತಿಸಿದರು. ಅರಬ್ಬಿಯಲ್ಲಿ ಅವನು ನಾಖುದಾ. ಸಂಸ್ಕೃತದಲ್ಲಿ ‘ನಾಖೂ’, ಪಕ್ಕದಲ್ಲೇ ನೌವಿತ್ತಕವನ್ನು ಮೊಟಕು ಮಾಡಿದ ‘ನೌ’. ಒಂದು ಬಿರುದನ್ನು ಮೊಟಕು ಮಾಡಿ ಕೆತ್ತುತ್ತಾರೆಂದರೆ ಅದನ್ನು ಬಿಡಿಸಿ ಹೇಳುವ ಅಗತ್ಯ ಓದುಗರಿಗೆ ಇರಲಿಲ್ಲವೆಂದೇ ಅರ್ಥ. 

14ನೇ ಶತಮಾನದಲ್ಲಿ ಹೊನ್ನಾವರ, ಬಾರಕೂರು, ಮಂಗಳೂರು ದಾಟಿ ಕಲ್ಲಿಕೋಟೆಗೆ ಹೋದ ಇಬ್ನ್ ಬತೂತಾ ಅಲ್ಲಿಯ ನಾಖುದಾ ಮಿಥ್ಕಾಲನ ಸಂಪತ್ತನ್ನೂ ಹಡಗುಗಳನ್ನೂ ಕಂಡು ಬೆರಗಾಗಿ ಬರೆದ. ಕಲ್ಲಿಕೋಟೆಯ ಕುಟ್ಟಿಚ್ಚಿರದಲ್ಲಿರುವ ಮರದ ಮಿಶ್ಕಾಲ್ ಮಸೀದಿಗೆ ಅದೇ ಹೆಸರು. 1510ರಲ್ಲಿ ಪೋರ್ಚುಗೀಸರು ಹಚ್ಚಿದ ಬೆಂಕಿಯಲ್ಲಿ ಅದರ ಒಂದು ಭಾಗ ಸುಟ್ಟಿತ್ತು. ಪೂರ್ವಕ್ಕೆ ಹೋದ ಪದ ಇಂಡೊನೇಷ್ಯಾದಲ್ಲಿ ‘ನಹ್ಕೋಡಾ’ ಆಗಿ ಇಂದಿಗೂ ಹಡಗಿನ ಕಪ್ತಾನನಿಗೆ ಸಲ್ಲುತ್ತದೆ. ಕುವೈತಿನಲ್ಲಿ ಮುತ್ತು ತೆಗೆಯುತ್ತಿದ್ದ ಹಡಗುಗಳ ಮುಖ್ಯಸ್ಥ ‘ನೋಖದಾ’. 1926ರಲ್ಲಿ ಅಡಿಗಲ್ಲು ಬಿದ್ದ ಕೋಲ್ಕತ್ತದ ನಾಖೋದಾ ಮಸೀದಿ ಕಛ್ಛೀ ಮೇಮನ್ ಹಡಗು ವ್ಯಾಪಾರಿಗಳದು. ನಮ್ಮ ಹೊನ್ನಾವರ, ಭಟ್ಕಳ ಕಡೆ ನಾಖುದಾ ಎಂಬುದು ಮುಸ್ಲಿಂ ಮನೆತನದ ಹೆಸರಾಗಿ ಉಳಿದಿದೆ.

ಇಷ್ಟು ದೊಡ್ಡವನು ಸಣ್ಣ ದೋಣಿಗೆ ಹೇಗೆ ಇಳಿದ? ಅದಕ್ಕೆ ಮೊದಲು ಅವನು ಏರಿದ ಎತ್ತರವನ್ನು ರೂಪಾಯಿಯ ಲೆಕ್ಕದಲ್ಲೇ ನೋಡಬಹುದು. ಅಕ್ಬರನ ಆಸ್ಥಾನದ ಅಬುಲ್ ಫಜಲ್ 16ನೇ ಶತಮಾನದ ಕೊನೆಗೆ ಬರೆದ ‘ಆಯಿನ್-ಎ-ಅಕ್ಬರಿ’ಯಲ್ಲಿ ಹಡಗಿನ ಸಿಬ್ಬಂದಿಯ 12 ದರ್ಜೆಗಳನ್ನು ಪಟ್ಟಿ ಮಾಡಿದ್ದಾನೆ. ಮೊದಲು ನಾಖುದಾ. ಎರಡನೆಯವನು ಮುಅಲ್ಲಿಮ್, ನಕ್ಷತ್ರ ಮತ್ತು ನೀರಿನ ಆಳ ಬಲ್ಲವನು. ಮೂರನೆಯವನು ತಾಂಡೇಲ, ಖಲಾಸಿಗಳ ಮುಖ್ಯಸ್ಥ. ಐದನೆಯವನು ಸರ್‌ಹಂಗ್, ಹಡಗು ದಡಕ್ಕೆ ತಾಗುವ, ಬಿಡುವ ಉಸ್ತುವಾರಿಯವನು. ಆರನೆಯವನು ಉಗ್ರಾಣದ ಭಂಡಾರಿ. ಎಂಟನೆಯವನು ಸುಕ್ಕಾನ್‌ಗೀರ್. ಕೊನೆಯವರು ಹಾಯಿ ಬಿಚ್ಚಿ ಕಟ್ಟುವ, ನೀರಿಗೆ ಮುಳುಗಿ ಸಿಕ್ಕಿಬಿದ್ದ ಲಂಗರು ಬಿಡಿಸುವ ಖಾರ್ವರು. ಬಂಗಾಳದ ಸಾತಗಾಂವ್ ಬಂದರಿನ ಸಂಬಳವನ್ನೂ ಕೊಟ್ಟಿದ್ದಾನೆ: ನಾಖುದಾನಿಗೆ 400 ರೂಪಾಯಿ, ಮುಅಲ್ಲಿಮನಿಗೆ 200, ತಾಂಡೇಲನಿಗೆ 120, ಸರ್‌ಹಂಗನಿಗೆ 25. ನಾಖುದಾನಿಗೆ ಮೇಲಾಗಿ ಹಡಗಿನಲ್ಲಿ ನಾಲ್ಕು ಕೋಣೆ. ಅದರಲ್ಲಿ ತನ್ನ ಸ್ವಂತ ಸರಕು ತುಂಬಿಕೊಂಡು ಲಾಭ ಮಾಡಿಕೊಳ್ಳಬಹುದು.

ಈ ಪಟ್ಟಿಯನ್ನು ಕನ್ನಡ ಕರಾವಳಿಯವರು ಓದಿದರೆ ಊರಿನ ಮತದಾರರ ಪಟ್ಟಿ ಓದಿದಂತಾಗುತ್ತದೆ. ನಾಖುದಾ, ತಾಂಡೇಲ, ಭಂಡಾರಿ, ಖಾರ್ವಿ ಎಲ್ಲ ಅಡ್ಡಹೆಸರುಗಳಾಗಿ, ಜಾತಿಯ ಹೆಸರುಗಳಾಗಿ ಇಲ್ಲೇ ಇವೆ. ಎಲ್ಲವೂ ಹಡಗಿನಿಂದಲೇ ಇಳಿದು ಬಂದವೆಂದು ಹೇಳುವಂತಿಲ್ಲ. ಭಂಡಾರಿಗೆ ನೆಲದ ಮೇಲೆ ಬೇರೆ ಉಗ್ರಾಣಗಳೂ ಇದ್ದವು. ಖಾರ್ವಿ ಎಂಬುದನ್ನು ಕ್ಷಾರಕ್ಕೆ, ಉಪ್ಪುನೀರಿಗೆ ಜೋಡಿಸುವವರಿದ್ದಾರೆ. ಆದರೆ ಗುಜರಾತಿನ ಖಾರವಾ, ಅಬುಲ್ ಫಜಲನ ಖಾರ್ವ, ಗಂಗೊಳ್ಳಿ-ಭಟ್ಕಳದ ಕೊಂಕಣಿ ಖಾರ್ವಿ ಮೂವರ ಕಸುಬೂ ಒಂದೇ ಕಡಲಿನದು.

ಅದೇ ಪಟ್ಟಿಯ ಸರ್‌ಹಂಗನೇ ಶೆಳಕೆಯವರ ‘ರಾಜಾ ಸಾರಂಗಾ’ದ ಸಾರಂಗ. ಸಂಸ್ಕೃತ ಬಲ್ಲ ಕಿವಿಗೆ ಜಿಂಕೆಯೋ ರಾಗವೋ ನೆನಪಾಗುತ್ತದೆ. ಅಸಲಿಗೆ ಅವನು ದೋಣಿಯ ಮುಖ್ಯಸ್ಥ, ಹಾಡುವ ಹೆಣ್ಣಿಗೆ ನಲ್ಲ. ಸರ್‌ಹಂಗ್ ಎಂದರೆ ಪಾರ್ಸಿಯಲ್ಲಿ ದಳಪತಿ. ಇರಾನಿನ ಸೈನ್ಯದಲ್ಲಿ ಇಂದಿಗೂ ಕರ್ನಲ್ ಹುದ್ದೆಗೆ ಅದೇ ಹೆಸರು. ಅಕ್ಬರನ ಕಾಲದ ಹಡಗಿನಲ್ಲಿ 25 ರೂಪಾಯಿಯವನಾಗಿದ್ದ ಇವನಿಗೆ ಈಸ್ಟ್ ಇಂಡಿಯಾ ಕಂಪನಿ ಬಂದ ಮೇಲೆ ಬಡ್ತಿಯಾಯಿತು. ಬ್ರಿಟಿಷ್ ಹಡಗುಗಳಿಗೆ ಬೇಕಾದ ಲಸ್ಕರುಗಳನ್ನು ಗುಂಪಾಗಿ ಒದಗಿಸುವವನು, ಅವರ ಮೇಲೆ ಅಧಿಕಾರ ನಡೆಸುವವನು ಸಾರಂಗ. ತಾಂಡೇಲ ಅವನ ಕೈಕೆಳಗಿನವನಾದ. ಹಿಂದೆ ಮೂರನೆಯವನಾಗಿದ್ದವನು ಕೆಳಗೆ, ಐದನೆಯವನು ಮೇಲೆ. ಲಸ್ಕರ್ ಎಂಬುದೂ ಹಾಗೇ ಸೈನ್ಯದ ‘ಲಷ್ಕರ್’ ಹಡಗಿನ ಕೂಲಿಗೆ ಇಳಿದ ರೂಪ. ಈ ಹಡಗು-ಹಿಂದೂಸ್ಥಾನಿಗೆ ಥಾಮಸ್ ರೋಬಕ್ 1811ರಲ್ಲಿ ಒಂದು ನಿಘಂಟನ್ನೇ ಮಾಡಿದ. ಘೋಷ್ ಅವರ ‘ಸೀ ಆಫ್ ಪಾಪೀಸ್’ ಓದಿದವರಿಗೆ ಸೆರಾಂಗ್ ಅಲಿ ನೆನಪಿರುತ್ತಾನೆ. ಒಳನಾಡಿನ ಜಲಸಾರಿಗೆಯಲ್ಲಿ ದೋಣಿ ನಡೆಸಲು ಕೊಡುವ ಅರ್ಹತಾಪತ್ರಗಳಲ್ಲಿ ಒಂದಕ್ಕೆ ‘ಸೆರಾಂಗ್’ ಎಂಬ ಹೆಸರು ನಮ್ಮ ಕಾಲದವರೆಗೂ ಬಂದಿದೆ.

ಸುಕ್ಕಾನ್‌ಗೀರ್ ಎಂದರೆ ಸುಕ್ಕಾನ್ ಹಿಡಿದವನು. ಸುಕ್ಕಾನ್ ಅರಬ್ಬಿಯಲ್ಲಿ ಹಡಗನ್ನು ತಿರುಗಿಸುವ ಹಲಗೆ, ಅದನ್ನು ಹಿಡಿಯುವವನು ಸುಕ್ಕಾನಿ. ಕನ್ನಡದ ಚುಕ್ಕಾಣಿ ಇದೇ. ತೆಲುಗರೂ ಚುಕ್ಕಾನಿ ಎನ್ನುತ್ತಾರೆ, ತಮಿಳರದು ಸುಕ್ಕಾನ್. ಕಡಲನ್ನೇ ಕಾಣದ ಬೀದರ, ರಾಯಚೂರಿನ ವರದಿಗಾರರೂ ‘ಪಕ್ಷ ಅಧಿಕಾರದ ಚುಕ್ಕಾಣಿ ಹಿಡಿಯಿತು’ ಎಂದು ಬರೆಯುವಾಗ ಅಬುಲ್ ಫಜಲನ ಎಂಟನೆಯ ಹುದ್ದೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿರುತ್ತಾರೆ. ಬಂದರು, ಲಂಗರು, ಖಲಾಸಿ ಇದೇ ದಾರಿಯಲ್ಲಿ ಬಂದವು.

ಹಾಗೆಂದು ನಮ್ಮ ಕಡಲ ಮಾತೆಲ್ಲ ಎರವಲು ಎಂದಲ್ಲ. ಹಾಯಿ ಅಚ್ಚ ದ್ರಾವಿಡ. ತಮಿಳಿನ ‘ಪಾಯ್’ ಎಂಬುದಕ್ಕೆ ಚಾಪೆ, ಹಾಯಿ ಎರಡೂ ಅರ್ಥ; ಚಾಪೆಯನ್ನೇ ಹಾಯಿಯಾಗಿ ಕಟ್ಟಿದ ಕಾಲದ ಗುರುತು ಅದರಲ್ಲಿದೆ. ಅಂಬಿ ಎಂದರೆ ದೋಣಿ, ಅದನ್ನು ನಡೆಸುವವನು ಅಂಬಿಗ. 12ನೇ ಶತಮಾನದ ಅಂಬಿಗರ ಚೌಡಯ್ಯ ಆ ಕಸುಬಿನ ಹೆಸರನ್ನೇ ತನ್ನ ವಚನಗಳ ಅಂಕಿತ ಮಾಡಿಕೊಂಡ. ಹಡಗು, ಹುಟ್ಟು, ಕೂವೆಮರ, ಬಲೆ, ಗಾಳ ಎಲ್ಲ ಮನೆಯ ಪದಗಳೇ. ಕೈಯಲ್ಲಿ ಹಿಡಿದು ದುಡಿಯುವ ಸಾಮಾನಿಗೆ ನಮ್ಮ ಹೆಸರು. ದೂರದ ಬಂದರಿನೊಂದಿಗೆ ವ್ಯವಹರಿಸುವ ಹುದ್ದೆಗೆ ಹೊರಗಿನ ಹೆಸರು. ನೆಲದ ಮೇಲೂ ಹೀಗೆಯೇ ಆಯಿತಲ್ಲ: ನೇಗಿಲು, ಕುಂಟೆ, ಕೂರಿಗೆ ಉಳಿದವು, ಅಮಲ್ದಾರ, ಶಿರಸ್ತೇದಾರ ಬಂದರು.

ತಾಂಡೇಲನ ಕಥೆ ಇದಕ್ಕೆ ಅಪವಾದ. ಅವನು ದಕ್ಷಿಣದಿಂದ ಹೊರಟು ಉತ್ತರಕ್ಕೆ ಹೋದವನು. ಮಲಯಾಳದಲ್ಲಿ ತಂಡಲ್, ತೆಲುಗಿನಲ್ಲಿ ತಂಡೇಲು. ಮಲಯಾಳದ ‘ತಂಡು’ ಎಂದರೆ ಹುಟ್ಟುಕೋಲು. ಹುಟ್ಟು ಹಾಕುವ ಆಳು ತಂಡಾಳು ಎಂದು ಬಿಡಿಸುವುದು ಒಂದು ದಾರಿ. ತಂಡ ಎಂದರೆ ಗುಂಪು, ತಂಡದ ಮುಂದಾಳು ಎನ್ನುವುದು ಇನ್ನೊಂದು. ಎರಡೂ ಅವನ ಕೆಲಸಕ್ಕೆ ಒಪ್ಪುತ್ತವೆ. ಕಂಪನಿಯ ಕಾಲದಲ್ಲಿ ಅವನು ಹಡಗಿನಿಂದ ಇಳಿದು ರಸ್ತೆ ಕೆಲಸದ ಕೂಲಿಗಳ ಮುಖ್ಯಸ್ಥನೂ ಆದ. ಇಂದು ದಮಣ್, ವಲಸಾಡದಿಂದ ಕಾರವಾರ, ಅಂಕೋಲೆ, ಕುಮಟೆಯವರೆಗೆ ತಾಂಡೇಲ ಎಂಬ ಅಡ್ಡಹೆಸರಿನ ಮೀನುಗಾರ ಮನೆಗಳಿವೆ. ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳಲ್ಲಿ ಸ್ಟಿಯರಿಂಗ್ ಹಿಡಿದು, ಜಿಪಿಎಸ್ ನೋಡಿ, ಎಲ್ಲಿ ಬಲೆ ಬಿಡಬೇಕೆಂದು ತೀರ್ಮಾನ ಮಾಡುವವನು ತಾಂಡೇಲನೇ. ಬೋಟಿನ ಮಾಲೀಕ ದಡದಲ್ಲಿರುತ್ತಾನೆ. ನಡುಗಡಲಿನಲ್ಲಿ ಕಡೆಯ ಮಾತು ತಾಂಡೇಲನದು.

ಈಗ ನಾಖವಾನ ಇಳಿತಕ್ಕೆ ಬರೋಣ. ಪೋರ್ಚುಗೀಸರು 16ನೇ ಶತಮಾನದಲ್ಲಿ ಪರವಾನಗಿ ಚೀಟಿಯಿಲ್ಲದ ಹಡಗುಗಳನ್ನು ಹಿಡಿಯತೊಡಗಿದಾಗಲೇ ದೇಶೀ ಹಡಗುದಾರನ ಸ್ವಾತಂತ್ರ್ಯಕ್ಕೆ ಪೆಟ್ಟುಬಿತ್ತು. 19ನೇ ಶತಮಾನದ ಉಗಿಹಡಗು ದೂರದ ಸರಕನ್ನೆಲ್ಲ ಕಿತ್ತುಕೊಂಡಿತು. ಹಾಯಿ ಕಟ್ಟಿದ ಮಚ್ವೆ, ಪತ್ತೆಮಾರಿ, ಮಂಜಿಗಳಿಗೆ ಉಳಿದದ್ದು ದಡದಿಂದ ದಡಕ್ಕೆ ಹೆಂಚು, ಕಟ್ಟಿಗೆ, ಉಪ್ಪು ಸಾಗಿಸುವ ಕೆಲಸ. ಹಡಗು ಚಿಕ್ಕದಾದಂತೆ ಅದರ ಒಡೆಯನ ಹೆಸರೂ ಚಿಕ್ಕದರ ಮೇಲೆ ಕೂತಿತು. ನಾಲ್ಕು ಕೋಣೆ ಸರಕಿನ ನಾಖುದಾ ಕೊನೆಗೆ ಒಂದು ಬಲೆ, ನಾಲ್ಕಾರು ಆಳಿನ ದೋಣಿಯ ನಾಖವಾ ಆದ. ‘ವಲ್ಹವ’ ಎಂದರೆ ಹುಟ್ಟು ಹಾಕು. ಹಾಡು ನಾಖವಾನಿಗೆ ಹುಟ್ಟು ಹಾಕೆಂದು ಹೇಳುತ್ತದೆ. ಸಾತಗಾಂವಿನ 400 ರೂಪಾಯಿಯ ನಾಖುದಾನಿಗೆ ಈ ಮಾತು ಹೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಇಳಿದದ್ದು ನಷ್ಟವೇ ಎಂದು ತಿಳಿಯಬೇಕಿಲ್ಲ. ಒಡೆಯ ಮತ್ತು ದುಡಿಯುವವ ಒಬ್ಬನೇ ಆದಾಗಲೇ ಆ ಹೆಸರು ಹಾಡಿಗೆ ಒದಗಿತು. ಹರ್ಮುಜಿನ ನಾಖುದಾ ಶಾಸನದಲ್ಲಿ ಸಿಗುತ್ತಾನೆ, ಮಂಗಳೂರಿನವನು ವ್ಯಾಪಾರದ ಕಾಗದದಲ್ಲಿ, ಮೊಗಲರವನು ಸಂಬಳದ ಪಟ್ಟಿಯಲ್ಲಿ. ಹೆಂಡತಿಯೋ ನಲ್ಲೆಯೋ ದಡದಲ್ಲಿ ನಿಂತು ಕರೆಯುವ ಹೆಸರಾದದ್ದು ಕೋಳಿವಾಡೆಯಲ್ಲಿ ಮಾತ್ರ. ಅಬುಲ್ ಫಜಲನ 12 ದರ್ಜೆಗಳಲ್ಲಿ ಹೆಣ್ಣಿಗೆ ಒಂದೂ ಇಲ್ಲ. ಅವಳು ಮೀನನ್ನು ಎಣಿಸಿ, ಬುಟ್ಟಿಗೆ ತುಂಬಿ, ಬಜಾರಿನಲ್ಲಿ ಕೂತು ಚೌಕಾಸಿ ಮಾಡಿ ಮನೆಗೆ ದುಡ್ಡು ತರುವವಳು. ಕಾರವಾರದ ಮಾರುಕಟ್ಟೆಯಲ್ಲೂ ಮುಂಬಯಿಯ ಕೋಳಿವಾಡೆಯಲ್ಲೂ ಲೆಕ್ಕ ಅವಳದೇ. ದಾಖಲೆಗಳು ಅವಳಿಗೆ ಬಿರುದು ಕೊಡಲಿಲ್ಲ, ಹಾಡು ಅವಳಿಗೆ ಅರ್ಧ ಪಾಲು ದನಿ ಕೊಟ್ಟಿತು. ಒಬ್ಬ ಹೆಣ್ಣುಕವಿ ಬರೆದದ್ದರಿಂದ ಆ ಪಾಲು ಸರಿಯಾಗಿಯೇ ಸಿಕ್ಕಿತು ಎನ್ನಬೇಕು.

ನಮ್ಮ ಕರಾವಳಿಯ ಕಡಲ ಹಾಡುಗಳಿಗೆ ಇಂಥ ಬರೆದಿಟ್ಟ ಜೀವನ ಹೆಚ್ಚು ಸಿಗಲಿಲ್ಲ. ಹತ್ತಾರು ಜನ ದಡದಲ್ಲಿ ಸಾಲುಗಟ್ಟಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲಕ್ಕೆ ಕೂಗು, ಪದ, ಸೊಲ್ಲು ಎಲ್ಲ ಕೆಲಸದ ಭಾಗವೇ ಆಗಿದ್ದವು. ಎಲ್ಲರ ಕೈ ಒಂದೇ ಹೊತ್ತಿಗೆ ಎಳೆಯಬೇಕಾದರೆ ದನಿ ಬೇಕೇ ಬೇಕು. 1970ರ ದಶಕದ ನಡುವಿನಲ್ಲಿ ಪರ್ಸಿನ್ ದೋಣಿಗಳು ಬಂದು ಬಂಗುಡೆ, ಬೂತಾಯಿ ದಡಕ್ಕೆ ಬರುವ ಮೊದಲೇ ಹಿಡಿಯತೊಡಗಿದವು. ರಂಪಣಿಯ ದೊಡ್ಡ ತಂಡಗಳು ಮುರಿದವು. ಗೋವೆಯಲ್ಲಿ ರಂಪಣಿ ಎಳೆಯುವ ರಾಪಣಕಾರರ ಚಳವಳಿಯೇ ಆಯಿತು. ಇಂಜಿನ್ನಿನ ಸದ್ದಿನಲ್ಲಿ ಹಾಡುವ ಅಗತ್ಯವೂ ಇಲ್ಲ, ಹಾಡಿದರೆ ಕೇಳುವುದೂ ಇಲ್ಲ.

ಆದರೂ ಹುದ್ದೆಯ ಪದಗಳು ನಿಂತಿಲ್ಲ. ಆಗಸ್ಟಿನಲ್ಲಿ ಮೀನುಗಾರಿಕೆಯ ರಜೆ ಮುಗಿದು ಮಲ್ಪೆಯಿಂದ ಬೋಟುಗಳು ಹೊರಡುವಾಗ ಅದರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರಿರುತ್ತಾರೆ. ಅವರು ತುಳು ಕಲಿಯುವ ಮೊದಲೇ ತಾಂಡೇಲ ಎಂಬ ಪದ ಕಲಿಯುತ್ತಾರೆ. ಶ್ರೀಕಾಕುಳಂ ಕಡೆಯ ಮೀನುಗಾರರು ಗುಜರಾತಿನಲ್ಲಿ ದುಡಿಯುತ್ತ ಪಾಕಿಸ್ತಾನದ ನೀರಿಗೆ ಹೋಗಿ ಸೆರೆಸಿಕ್ಕ ಘಟನೆಯನ್ನು ಆಧರಿಸಿ 2025ರಲ್ಲಿ ಬಂದ ತೆಲುಗು ಸಿನಿಮಾದ ಹೆಸರೇ ‘ತಂಡೇಲ್’. ನಾಖವಾ, ಸಾರಂಗ ಹಾಡು ಸೇರಿದ್ದು ಹೇಗೋ ಇವನೂ ಹಾಗೆಯೇ ಸೇರುತ್ತಿದ್ದಾನೆ. ಐವತ್ತು ವರ್ಷ ಬಿಟ್ಟು ಯಾವುದೋ ಶಾಲೆಯ ವೇದಿಕೆಯಲ್ಲಿ ತಾಂಡೇಲನ ಹಾಡೊಂದನ್ನು ಜನಪದವೆಂದು ಪರಿಚಯಿಸಿದರೆ ಆ ನಿರೂಪಕರನ್ನು ತಿದ್ದಲು ಆತುರಪಡುವುದು ಬೇಡ. ಹಾಡು ಯಾರದಾದರೂ ಇರಲಿ, ಪದ ಜನಪದದ್ದೇ.